ಡೋಂಗ್ರಿಯ 101 ದಿನ: ಶಿಕ್ಷಕ, ಸಂಪಾದಕ ಗೋಪಾಳ ಗಣೇಶ ಆಗರಕರ

ಕೃಷ್ಣಾ ನದಿ ನಮ್ಮ ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಗೆ ಬರುವ ಮೊದಲು ಕರಾಡ ತಾಲ್ಲೂಕಿನ ಟೆಂಭೂ ಗ್ರಾಮವನ್ನು ಹಾಯ್ದು ಬರುತ್ತದೆ. ಆಗರಕರರು ಹುಟ್ಟಿದ್ದು ಅಲ್ಲಿಯೇ, 1856ರಲ್ಲಿ. ಕಾಲೇಜಿನಲ್ಲಿದ್ದಾಗ ಅವರ ಹತ್ತಿರ ಇದ್ದದ್ದು ಒಂದೇ ಅಂಗಿ. ರಾತ್ರಿ ಒಗೆದು ಒಣಹಾಕಿ ಬೆಳಿಗ್ಗೆ ಅದನ್ನೇ ತೊಡುತ್ತಿದ್ದರು. ಎಂ.ಎ. ಮುಗಿಸಿದ ಮಗ ದೊಡ್ಡ ಸರಕಾರಿ ನೌಕರಿ ಹಿಡಿಯುತ್ತಾನೆಂದು ತಾಯಿ ಕಾಯುತ್ತಿದ್ದರು. ಆದರೆ ಹೊಟ್ಟೆಗೆ ಆಗುವಷ್ಟು ಸಂಬಳ ಸಾಕೆಂದು ಆಕೆಗೆ ಪತ್ರ ಬರೆದು, ಚಿಪಳೂಣಕರ ಮತ್ತು ಟಿಳಕರು 1880ರಲ್ಲಿ ಪುಣೆಯಲ್ಲಿ ತೆರೆದಿದ್ದ ನ್ಯೂ ಇಂಗ್ಲಿಷ್ ಸ್ಕೂಲ್ ಸೇರಿದರು. (ಅಲ್ಲಿ ಟಿಳಕರು ಗಣಿತ ಕಲಿಸುತ್ತಿದ್ದರೆಂಬುದು ಬಿ.ಎಸ್ಸಿ. ಓದಿದ ನನಗೆ ಖುಷಿ ಕೊಟ್ಟ ಸಂಗತಿ.)

1881ರಲ್ಲಿ ಈ ಶಿಕ್ಷಕರ ಗುಂಪೇ ಮರಾಠಿಯಲ್ಲಿ ಕೇಸರಿ, ಇಂಗ್ಲಿಷಿನಲ್ಲಿ ಮರಾಠಾ ಪತ್ರಿಕೆ ಆರಂಭಿಸಿತು. ಕೇಸರಿಯ ಮೊದಲ ಸಂಪಾದಕರು ಆಗರಕರ. ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಲು ಲಾರ್ಡ್ ಲಿಟನ್ 1878ರಲ್ಲಿ ತಂದ ಕಾಯ್ದೆ ಆಗಿನ್ನೂ ಜಾರಿಯಲ್ಲಿತ್ತು.

ನಿಪ್ಪಾಣಿಯ ಮಗ್ಗುಲಲ್ಲೇ ಇರುವ ಕೊಲ್ಹಾಪುರ ಸಂಸ್ಥಾನದಲ್ಲಿ ಎಳೆಯ ಮಹಾರಾಜ ಶಿವಾಜಿಗೆ ಬುದ್ಧಿಭ್ರಮಣೆ ಎಂದು ಹೇಳಿ ಕಾವಲಿನಲ್ಲಿ ಇಟ್ಟಿದ್ದರು. ಒಳಗೆ ಏನು ನಡೆದಿದೆಯೆಂದು ಪ್ರಜೆಗಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆಗ ಕಾರಭಾರಿ ಮಾಧವರಾವ ಬರ್ವೆ ಬರೆದದ್ದೆನ್ನಲಾದ ಗುಟ್ಟಿನ ಪತ್ರಗಳು ಹೊರಬಂದವು. ಅವನ್ನು ನಂಬಿ ಎರಡೂ ಪತ್ರಿಕೆಗಳು ಬರ್ವೆಯವರ ಮೇಲೆ ಕಟುವಾಗಿ ಬರೆದವು. ಬರ್ವೆ ಮಾನಹಾನಿಯ ಮೊಕದ್ದಮೆ ಹೂಡಿದರು. ಪತ್ರಗಳು ಖೊಟ್ಟಿ ಎಂದಾಯಿತು. ಸಂಪಾದಕರು ಕ್ಷಮೆ ಕೇಳಿದರೂ 1882ರ ಜುಲೈ 17ರಂದು ಆಗರಕರ, ಟಿಳಕರಿಬ್ಬರಿಗೂ 4 ತಿಂಗಳ ಸಜೆಯಾಯಿತು.

ತರಗತಿಯಲ್ಲಿ ಇದನ್ನು ವೀರರ ಕಥೆಯಾಗಿ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಪತ್ರ ಯಾರ ಕೈಯದೆಂದು ನೋಡದೆ ಅಚ್ಚಿಸಿದ್ದು ತಪ್ಪೇ. ಆದರೆ ಅರಮನೆಯ ಬಾಗಿಲು ಅಷ್ಟು ಬಿಗಿಯಾಗಿ ಮುಚ್ಚಿರದಿದ್ದರೆ ಖೊಟ್ಟಿ ಪತ್ರಕ್ಕೆ ಅಷ್ಟು ಬೆಲೆ ಬರುತ್ತಿತ್ತೇ? ಮಹಾರಾಜರ ಬಗೆಗಿನ ಆತಂಕವಂತೂ ಸುಳ್ಳಾಗಲಿಲ್ಲ. 1883ರ ಡಿಸೆಂಬರಿನಲ್ಲಿ ಅಹಮದನಗರದ ಕಾವಲಿನಲ್ಲಿ ಇಂಗ್ಲಿಷ್ ಸಿಪಾಯಿಯೊಬ್ಬನೊಡನೆ ನಡೆದ ಜಗ್ಗಾಟದಲ್ಲಿ ಅವರು ತೀರಿಕೊಂಡರು. ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾದ ಇನ್ನೊಂದು ವಿಷಯವಿದೆ. ಬರ್ವೆ ಪ್ರಕರಣದಲ್ಲಿ ಶಿಕ್ಷೆ ಬಂದದ್ದು ಅಚ್ಚಾದ ಮೇಲೆ. ಅಚ್ಚಾಗುವ ಮೊದಲೇ ಬಾಯಿ ಮುಚ್ಚಿಸುವ ತಡೆಯಾಜ್ಞೆ ಬೇರೆ. 1994ರಲ್ಲಿ ತಮಿಳುನಾಡಿನ ಕೈದಿಯೊಬ್ಬನ ಆತ್ಮಕಥೆ ಪತ್ರಿಕೆಯಲ್ಲಿ ಬರದಂತೆ ಅಧಿಕಾರಿಗಳು ತಡೆಯಹೋದಾಗ, ಮೊದಲೇ ತಡೆಯುವ ಅಧಿಕಾರ ಅವರಿಗಿಲ್ಲ, ಮಾನಹಾನಿಯಾದರೆ ಪ್ರಕಟವಾದ ಮೇಲೆ ದಾವೆ ಹೂಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ ಇಬ್ಬರೂ ರಾತ್ರಿಯೆಲ್ಲ ಶಾಲೆ, ದೇಶ, ಸಮಾಜ ಎಂದು ವಾದಿಸುತ್ತಿದ್ದರು. 101 ದಿನಕ್ಕೆ, ಅಕ್ಟೋಬರ್ 26ರಂದು, ಬಿಡುಗಡೆಯಾಯಿತು. ಆ ದಿನಗಳ ಬಗ್ಗೆ ಆಗರಕರರು ಪುಸ್ತಕವನ್ನೇ ಬರೆದರು. ಮುಂದೆ ಸಮಾಜ ಸುಧಾರಣೆಯ ಪ್ರಶ್ನೆಯಲ್ಲಿ ಗೆಳೆಯರು ಬೇರೆಯಾದರು. ಆಗರಕರರು ಕೇಸರಿ ಬಿಟ್ಟು 1888ರಲ್ಲಿ ಸುಧಾರಕ ಪತ್ರಿಕೆ ತೆಗೆದರು. ಬಾಲ್ಯವಿವಾಹ, ಕೇಶವಪನದ ವಿರುದ್ಧ ಬರೆದದ್ದಕ್ಕೆ ಸಂಪ್ರದಾಯಸ್ಥರು ಬದುಕಿರುವಾಗಲೇ ಅವರ ಶವಯಾತ್ರೆ ತೆಗೆದರು. ಬರೆಯುವುದು ನಿಲ್ಲಲಿಲ್ಲ.

1892ರಲ್ಲಿ ಫರ್ಗ್ಯುಸನ್ ಕಾಲೇಜಿನ ಪ್ರಾಚಾರ್ಯರಾದರು. ಉಬ್ಬಸ ಅವರನ್ನು ಬಿಡಲಿಲ್ಲ. 1895ರ ಜೂನ್ 17ರಂದು ತೀರಿಕೊಂಡಾಗ 39 ತುಂಬಿರಲಿಲ್ಲ. ತಮ್ಮ ಅಂತ್ಯಕ್ರಿಯೆಗೆಂದು ಅವರೇ ಕಟ್ಟಿಟ್ಟಿದ್ದ ಸ್ವಲ್ಪ ಹಣ ದಿಂಬಿನ ಕೆಳಗೆ ಸಿಕ್ಕಿತು.