ಕಾರ್ಲ್ ಸಿಗ್ಮಂಡ್ ಫ್ರಾಂಜ್ ಕ್ರೆಡೆ
ಕಾರ್ಲ್ ಸಿಗ್ಮಂಡ್ ಫ್ರಾಂಜ್ ಕ್ರೆಡೆ (೨೩ ಡಿಸೆಂಬರ್ ೧೮೧೯ – ೧೪ ಮಾರ್ಚ್ ೧೮೯೨) ಜರ್ಮನಿಯ ಪ್ರಸಿದ್ಧ ಪ್ರಸೂತಿ ತಜ್ಞ. ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ಹನಿಯನ್ನು ಹಾಕಿ ಅಂಧತ್ವವನ್ನು ತಡೆಯುವ ವಿಧಾನವನ್ನು ಇವರು ಬಳಕೆಗೆ ತಂದರು. ಈ ವಿಧಾನ ಇವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಜೀವನ
ಕ್ರೆಡೆ ಹುಟ್ಟಿದ್ದು ಬರ್ಲಿನ್‌ನಲ್ಲಿ. ಅಲ್ಲಿಯೇ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ೧೮೪೨ರಲ್ಲಿ ಪದವಿ ಪಡೆದರು. ಬಳಿಕ ಬರ್ಲಿನ್‌ನ ಪ್ರಸೂತಿ ಚಿಕಿತ್ಸಾಲಯದಲ್ಲಿ ಸಹಾಯಕರಾಗಿದ್ದು, ೧೮೫೨ರಲ್ಲಿ ಸೂಲಗಿತ್ತಿಯರ ಶಾಲೆಯ ನಿರ್ದೇಶಕರೂ ಷಾರಿಟೆ ಆಸ್ಪತ್ರೆಯ ಹೆರಿಗೆ ವಿಭಾಗದ ಮುಖ್ಯಸ್ಥರೂ ಆದರು. ೧೮೫೬ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ನೇಮಕಗೊಂಡು, ೧೮೮೭ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯ ಹೆರಿಗೆ ಆಸ್ಪತ್ರೆಯನ್ನು ನಡೆಸಿದರು. ೧೮೭೦ರಲ್ಲಿ ಒಟ್ಟೊ ಸ್ಪೀಗೆಲ್‌ಬರ್ಗ್ ಅವರೊಡನೆ ಸ್ತ್ರೀರೋಗ ಶಾಸ್ತ್ರದ ಪತ್ರಿಕೆಯೊಂದನ್ನು ಆರಂಭಿಸಿದರು.

ಹೆರಿಗೆಯ ನಂತರ ಹೊಟ್ಟೆಯ ಮೇಲಿನಿಂದ ಗರ್ಭಕೋಶವನ್ನು ನೀವಿ, ಅದು ಸಂಕುಚಿಸುವಾಗ ಒತ್ತಿ ಮಾಸು ಹೊರಬರುವಂತೆ ಮಾಡುವ ಕ್ರಮವೂ ಇವರದೇ. ಗರ್ಭಕೋಶದೊಳಗೆ ಕೈ ಹಾಕಿ ಸೋಂಕು ತಗಲಿಸುವ ಅಪಾಯ ಇದರಿಂದ ಕಡಿಮೆಯಾಯಿತು.

ನವಜಾತ ಶಿಶುಗಳ ಕಣ್ಣುರಿಯೂತ
ತಾಯಿಗೆ ಗೊನೊರಿಯಾ ಇದ್ದಾಗ ಜನನಮಾರ್ಗದಲ್ಲಿ ಬರುವ ಮಗುವಿನ ಕಣ್ಣಿಗೆ ಅದರ ರೋಗಾಣು ತಗಲುತ್ತದೆ. ಕೆಲವೇ ದಿನಗಳಲ್ಲಿ ರೆಪ್ಪೆಗಳು ಊದಿ ಕೀವು ಸುರಿಯತೊಡಗುತ್ತದೆ. ಈ ರೋಗಾಣು ಗಾಯವಿಲ್ಲದ ಕಾರ್ನಿಯಾವನ್ನೂ ಭೇದಿಸಬಲ್ಲದು. ಅಲ್ಲಿ ಹುಣ್ಣಾದರೆ ದೃಷ್ಟಿ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಅಂಧರ ಶಾಲೆಗಳಲ್ಲಿದ್ದ ಮಕ್ಕಳಲ್ಲಿ ದೊಡ್ಡ ಪಾಲು ಹೀಗೆ ಹುಟ್ಟಿದ ಮೊದಲ ವಾರಗಳಲ್ಲೇ ಕಣ್ಣು ಕಳೆದುಕೊಂಡವರು.

೧೮೭೯ರಲ್ಲಿ ಆಲ್ಬರ್ಟ್ ನೈಸರ್ ಈ ರೋಗಾಣುವನ್ನು ಗುರುತಿಸಿದರು. ಕ್ರೆಡೆಯವರು ಮೊದಲು ತಾಯಂದಿರ ಜನನಮಾರ್ಗವನ್ನು ತೊಳೆಯಿಸಿ ನೋಡಿದರು, ಫಲ ತೃಪ್ತಿಕರವಾಗಲಿಲ್ಲ. ಆಗ ಗಮನವನ್ನು ಶಿಶುವಿನ ಕಣ್ಣಿನತ್ತಲೇ ತಿರುಗಿಸಿದರು. ಉರಿಯೂತ ಬಂದ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹಚ್ಚುವುದು ಮೊದಲೇ ರೂಢಿಯಲ್ಲಿತ್ತು. ಅದನ್ನು ರೋಗ ಬರುವ ಮೊದಲೇ ಹಾಕಿದ್ದು, ಅದೂ ರೋಗದ ಗುರುತೇ ಇಲ್ಲದ ತಾಯಂದಿರ ಮಕ್ಕಳಿಗೂ ಬಿಡದೆ ಹಾಕಿದ್ದು ಕ್ರೆಡೆಯವರ ನಿಜವಾದ ಹೆಚ್ಚುಗಾರಿಕೆ. ೧೮೮೦ರಿಂದ ಕಣ್ಣುಗಳನ್ನು ನೀರಿನಿಂದ ಒರೆಸಿ, ಗಾಜಿನ ಕಡ್ಡಿಯ ತುದಿಯಿಂದ ಶೇಕಡ ೨ರ ದ್ರಾವಣದ ಒಂದೇ ಹನಿಯನ್ನು ಬಿಡಲಾಗುತ್ತಿತ್ತು. ೧೮೭೪ರಲ್ಲಿ ಲೈಪ್‌ಜಿಗ್‌ನಲ್ಲಿ ಹುಟ್ಟಿದ ಶಿಶುಗಳಲ್ಲಿ ಶೇಕಡ ೧೦ಕ್ಕಿಂತ ಹೆಚ್ಚು ಮಂದಿಗೆ ಬರುತ್ತಿದ್ದ ಕಾಯಿಲೆ ಶೇಕಡ ಅರ್ಧಕ್ಕಿಂತ ಕೆಳಗಿಳಿಯಿತು. ಗಡಿಯಾರವಾಗಲಿ ವಿಶೇಷ ಉಪಕರಣವಾಗಲಿ ಬೇಡದ ಈ ಕೆಲಸವನ್ನು ಸೂಲಗಿತ್ತಿಯೂ ಮಾಡಬಹುದಾಗಿತ್ತು. ವಿಧಾನ ಬೇಗ ಹರಡಲು ಇದೂ ಒಂದು ಕಾರಣ.

ಕಣ್ಣಿನ ಕೋಶಗಳ ಮೇಲೆ ಪರಿಣಾಮ
ಬೆಳ್ಳಿಯ ಅಯಾನುಗಳು ರೋಗಾಣುವಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಹೆಪ್ಪುಗಟ್ಟಿಸುತ್ತವೆ. ಆದರೆ ರೋಗಾಣುವಿನ ಪ್ರೋಟೀನು, ಕಣ್ಣಿನ ಪ್ರೋಟೀನು ಎಂಬ ಭೇದ ಅವಕ್ಕಿಲ್ಲ. ಕಣ್ಣಿನ ಬಿಳಿಭಾಗವನ್ನೂ ರೆಪ್ಪೆಯ ಒಳಬದಿಯನ್ನೂ ಹೊದಿಸಿರುವ ತೆಳುಪೊರೆಯ ಮೇಲುಪದರದ ಕೋಶಗಳೂ ಸತ್ತು ಉದುರುತ್ತವೆ. ಬಿಳಿರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಆದ್ದರಿಂದಲೇ ಹನಿ ಹಾಕಿಸಿಕೊಂಡ ಅನೇಕ ಶಿಶುಗಳ ಕಣ್ಣು ಒಂದೆರಡು ದಿನ ಕೆಂಪಾಗಿ ನೀರು ಸುರಿಸುತ್ತಿತ್ತು. ಕೆಳಪದರದ ಕೋಶಗಳು ವಿಭಜಿಸಿ ಮೇಲುಪದರವನ್ನು ಮತ್ತೆ ಕಟ್ಟುವುದರಿಂದ ದುರ್ಬಲ ದ್ರಾವಣದ ಹಾನಿ ತಾನಾಗಿಯೇ ವಾಸಿಯಾಗುತ್ತದೆ. ತೀಕ್ಷ್ಣ ದ್ರಾವಣದ ಮಾತು ಬೇರೆ. ಅದು ಕಾರ್ನಿಯಾದ ಆಳದ ಪದರವನ್ನೇ ಸುಟ್ಟು ಶಾಶ್ವತ ಕಲೆ ಉಳಿಸಬಲ್ಲದು. ತೆರೆದಿಟ್ಟ ಸೀಸೆಯಲ್ಲಿ ನೀರು ಆವಿಯಾದಂತೆ ದ್ರಾವಣ ಗಾಢವಾಗುತ್ತದೆ. ಕಣ್ಣು ಉಳಿಸಬೇಕಾದ ಔಷಧವೇ ಕಣ್ಣು ಕಳೆಯುವ ಅಪಾಯ ಅಲ್ಲಿತ್ತು. ಮುಂದೆ ಪ್ರಮಾಣವನ್ನು ಶೇಕಡ ೧ಕ್ಕೆ ಇಳಿಸಿ, ಒಮ್ಮೆ ಮಾತ್ರ ಬಳಸುವ ಮೇಣದ ಪುಟ್ಟ ಕೋಶಗಳಲ್ಲಿ ತುಂಬಿಡತೊಡಗಿದರು.

ನಂತರದ ಬದಲಾವಣೆ
ಪ್ರತಿಜೀವಕಗಳು ಬಂದ ಮೇಲೆ ಅನೇಕ ದೇಶಗಳು ಈ ಹನಿಯನ್ನು ಕೈಬಿಟ್ಟವು. ಕ್ಲಮಿಡಿಯಾ ಸೋಂಕಿನ ಮೇಲೆ ಅದು ಅಷ್ಟು ಪರಿಣಾಮಕಾರಿಯೂ ಅಲ್ಲ. ಎರಿತ್ರೊಮೈಸಿನ್ ಮುಲಾಮು ಅದರ ಸ್ಥಾನಕ್ಕೆ ಬಂದಿತು. ಕೀನ್ಯಾದಲ್ಲಿ ೩೦೦೦ಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದು ೧೯೯೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡ ೨.೫ರ ಪೊವಿಡೋನ್ ಅಯೋಡಿನ್ ಹನಿ ಈ ಎರಡಕ್ಕಿಂತಲೂ ಸೋಂಕನ್ನು ಹೆಚ್ಚು ತಡೆಯಿತು. ಅದರ ಬೆಲೆಯೂ ಕಡಿಮೆ.

ಕ್ರೆಡೆಯವರ ಮಗ ಬೆನ್ನೊ ಕ್ರೆಡೆ ಡ್ರೆಸ್ಡೆನ್‌ನಲ್ಲಿ ಶಸ್ತ್ರವೈದ್ಯರಾಗಿದ್ದು, ಗಾಯಗಳ ಚಿಕಿತ್ಸೆಗೆ ಬೆಳ್ಳಿಯ ಔಷಧಗಳನ್ನು ಬಳಕೆಗೆ ತಂದರು.