ಅವರೆಯ ಒಳಗುಟ್ಟು: ಕಮಲಾ ಸೊಹೊನಿ

ಠಾಣೆ, ಕಲ್ಯಾಣ, ಡೊಂಬಿವಲಿಯ ಮರಾಠಿ ಮನೆಗಳ 'ವಾಲ್' ನಮ್ಮ ಅವರೆಯೇ. ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿಯೇ ಅದನ್ನು ಉಣ್ಣುವುದು ರೂಢಿ. ಈ ರೂಢಿಯ ಹಿಂದಿರುವ ರಸಾಯನವನ್ನು ಮುಂಬಯಿಯಲ್ಲಿ ಪ್ರಯೋಗಕ್ಕೊಡ್ಡಿದ ಕಮಲಾ ಸೊಹೊನಿಯವರು ಜೀವರಸಾಯನಶಾಸ್ತ್ರವನ್ನು ಅಭ್ಯಸಿಸಿದ್ದು ಬೆಂಗಳೂರಿನಲ್ಲಿ.

ಇಂದೋರಿನಲ್ಲಿ 1911ರಲ್ಲಿ ಜನಿಸಿದ ಕಮಲಾ ಭಾಗವತ್, ಮರಾಠಿಯ ಖ್ಯಾತ ಲೇಖಕಿ ದುರ್ಗಾ ಭಾಗವತರ ತಂಗಿ. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಗಳಿಸಿ, 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ತಂದೆಯೂ ಅವರ ಸೋದರರೂ ಓದಿದ ಸಂಸ್ಥೆಯದು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಪ್ರವೇಶವನ್ನು ನಿರಾಕರಿಸಿದರು. ಕಮಲಾ ಹಿಂಜರಿಯಲಿಲ್ಲ, ಕಾರಣ ಕೇಳಿ ಪಟ್ಟು ಹಿಡಿದರು. ಕೊನೆಗೆ ಪ್ರವೇಶ ದೊರೆತರೂ ಅದು ಒಂದು ವರ್ಷದ ಪರೀಕ್ಷಾರ್ಥ ಪ್ರವೇಶವಾಗಿತ್ತು. ಗಂಡುಮಕ್ಕಳ ಏಕಾಗ್ರತೆಗೆ ಭಂಗ ತರಬಾರದೆಂಬ ಷರತ್ತೂ ಇತ್ತು. ಮಹಾವಿಜ್ಞಾನಿಯೊಬ್ಬರ ಈ ಸಂಕುಚಿತತೆಯನ್ನು ಕಾಲಧರ್ಮವೆಂದು ಮರೆಸುವುದು ನ್ಯಾಯವಲ್ಲ. ಆಕೆಯ ನಿಷ್ಠೆಯನ್ನು ಕಂಡ ಬಳಿಕ ಮಹಿಳೆಯರಿಗೆ ಸಂಸ್ಥೆಯ ಬಾಗಿಲು ತೆರೆಯಿತೆಂಬುದನ್ನೂ ಹೇಳಬೇಕು.

ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದ ಅವರು ಮುಂದೆ ಕೇಂಬ್ರಿಜ್‌ಗೆ ತೆರಳಿದರು. ಸಸ್ಯಕೋಶಗಳಲ್ಲಿಯೂ 'ಸೈಟೊಕ್ರೋಮ್ ಸಿ' ಇರುವುದನ್ನು ತೋರಿಸಿದ ಪುಟ್ಟ ಪ್ರಬಂಧಕ್ಕೆ 1939ರಲ್ಲಿ ಡಾಕ್ಟರೇಟ್ ಲಭಿಸಿತು. ದೆಹಲಿ, ಕೂನೂರುಗಳಲ್ಲಿ ಕೆಲಸ ಮಾಡಿ, 1947ರಲ್ಲಿ ವಿವಾಹವಾಗಿ ಮುಂಬಯಿಗೆ ಬಂದು, ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಜೀವರಸಾಯನ ವಿಭಾಗವನ್ನು ಸೇರಿದರು.

ಬೆಂಗಳೂರಿನಲ್ಲಿ ಕೈಗೆತ್ತಿಕೊಂಡ ಕಾಳುಗಳ ಅಧ್ಯಯನ ಇಲ್ಲಿ ಫಲ ಕೊಟ್ಟಿತು. ಬಡವರ ತಟ್ಟೆಯಲ್ಲಿ ಪ್ರೋಟೀನು ಇದ್ದರಷ್ಟೇ ಸಾಲದು, ಅದು ಜೀರ್ಣವಾಗಬೇಕು. ಕರುಳಿನಲ್ಲಿ ಪ್ರೋಟೀನನ್ನು ಸೀಳುವ ಕಿಣ್ವ ಟ್ರಿಪ್ಸಿನ್. ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಇದರ ದಾಯಾದಿ. ಹಸಿಕಾಳಿನಲ್ಲಿ ಈ ಟ್ರಿಪ್ಸಿನ್ನನ್ನು ತಡೆಯುವ ವಸ್ತುಗಳಿರುತ್ತವೆ. ಭಾರತೀಯ ಆಹಾರಗಳಲ್ಲಿನ ಇಂತಹ ಪ್ರತಿಬಂಧಕಗಳನ್ನು ಕುರಿತು ಶಿಷ್ಯರೊಡನೆ ಅವರು 1954ರಿಂದ ಲೇಖನಗಳನ್ನು ಪ್ರಕಟಿಸಿದರು. 1965ರ ವೇಳೆಗೆ ಅವರ ಗಮನ ಅವರೆಯ ರಕ್ತಕಣಗುಚ್ಛಕ ಪ್ರೋಟೀನುಗಳತ್ತ ಹರಿದಿತ್ತು. ಇವು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಇದು ಹೆಪ್ಪುಗಟ್ಟುವಿಕೆಯಲ್ಲ, ಬೇರೆಯೇ ಕ್ರಿಯೆ. ಆ ಪ್ರೋಟೀನನ್ನು ಇಲಿಗಳಿಗೆ ಉಣಿಸಿ ಬೆಳವಣಿಗೆಯ ಮೇಲಿನ ಪರಿಣಾಮವನ್ನೂ ಪರೀಕ್ಷಿಸಿದರು. ಚೆನ್ನಾಗಿ ಬೇಯಿಸಿದರೆ ಈ ದೋಷಗಳು ಬಹುಮಟ್ಟಿಗೆ ನೀಗುತ್ತವೆ. ಅಜ್ಜಿಯರು ಅನುಭವದಿಂದ ಕಂಡುಕೊಂಡದ್ದೂ ಇದನ್ನೇ.

ನೀರಾದ ಪೋಷಕಾಂಶಗಳ ಕುರಿತ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ಸಂಸ್ಥೆಯ ನಿರ್ದೇಶಕ ಪದವಿಯೂ ಬಂತು, ತಡವಾಗಿ. 1966ರಲ್ಲಿ ಮುಂಬಯಿಯ ಗೃಹಿಣಿಯರು ಕಟ್ಟಿದ ಗ್ರಾಹಕ ಸಂಘಟನೆಯೊಡನೆ ನಿಂತು ಕಲಬೆರಕೆಯ ವಿರುದ್ಧ ದುಡಿದರು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ಅವರನ್ನು ದೆಹಲಿಗೆ ಕರೆಸಿ ಸನ್ಮಾನಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. 1998ರಲ್ಲಿ ನಿಧನರಾದರು.