ನೀಲಗಿರಿಯ ಏಳು ದಿನಗಳು: ಹೇಲಾಚಾರ್ಯರ ಮಂತ್ರಸಾಧನೆ

ಬೆಟ್ಟದ ಏಕಾಂತವನ್ನು ಧ್ಯಾನಿಗಳು ಎಲ್ಲ ಕಾಲದಲ್ಲಿಯೂ ಬಯಸಿದ್ದಾರೆ. ಚಿಕ್ಕಮಗಳೂರಿನ ಅತ್ತಿಗುಂಡಿಯಲ್ಲಿ ಕಾಫಿ ತೋಟಗಳ ಮೇಲೆ ಮಂಜು ಇಳಿದು, ಎದುರಿನ ಗಿರಿಸಾಲು ಮರೆಯಾಗುವುದನ್ನು ಕಂಡವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ. ಅದೇ ಜಿಲ್ಲೆಯ ನರಸಿಂಹರಾಜಪುರದ ಸಿಂಹನಗದ್ದೆ ಕ್ಷೇತ್ರದಲ್ಲಿ, ಎಂಟನೆಯ ತೀರ್ಥಂಕರ ಚಂದ್ರಪ್ರಭ ಸ್ವಾಮಿಯ ಯಕ್ಷಿಯಾದ ಜ್ವಾಲಾಮಾಲಿನಿ ದೇವಿಯ ಸನ್ನಿಧಿಯಿದೆ. ಈ ದೇವಿಯ ಮಂತ್ರಪರಂಪರೆಗೆ ಆದಿಗುರುಗಳೆಂದು ಸ್ಮರಿಸಲ್ಪಡುವ ಹೇಲಾಚಾರ್ಯರೂ ಒಂದು ಬೆಟ್ಟವನ್ನೇರಿ ಕುಳಿತವರೇ. ಅವರು ಏಕೆ ಏರಿದರು, ಅಲ್ಲಿ ಏನನ್ನು ಬೇಡಿದರು ಎಂಬುದು ಪ್ರತಿಯೊಬ್ಬ ಶ್ರಾವಕನೂ ತಿಳಿಯಬೇಕಾದ ಸಂಗತಿ.

ಹೇಲಾಚಾರ್ಯರು ದಕ್ಷಿಣದ ಮಲಯದೇಶದ ಹೇಮಗ್ರಾಮದಲ್ಲಿದ್ದ ಮುನಿಗಳು, ದ್ರಾವಿಡ ಗಣದ ಅಧಿಪತಿಗಳು. ಏಲಾಚಾರ್ಯರೆಂಬ ಹೆಸರೂ ಅವರಿಗುಂಟು. ತಮಿಳುನಾಡಿನ ವಂದವಾಸಿಯ ಸಮೀಪದ ಪೊನ್ನೂರೇ ಈ ಹೇಮಗ್ರಾಮವೆಂದು ವಿದ್ವಾಂಸರು ಗುರುತಿಸಿದ್ದಾರೆ. ಎರಡು ಹೆಸರಿನ ಅರ್ಥವೂ ಹೊನ್ನಿನ ಊರು ಎಂದೇ.

ಅವರ ಶಿಷ್ಯೆ ಕಮಲಶ್ರೀ ಶಾಸ್ತ್ರಗಳಲ್ಲಿ ಪಾರಂಗತೆ. ವಿಧಿವಶದಿಂದ ಆಕೆಯನ್ನು ಬ್ರಹ್ಮರಾಕ್ಷಸ ಹಿಡಿಯಿತು. ಆಕೆ ಒಮ್ಮೆ ಹಾಹಾಕಾರಗೈದು ಅಳುವಳು, ಒಮ್ಮೆ ಅಟ್ಟಹಾಸದಿಂದ ನಗುವಳು, ಮರುಗಳಿಗೆ ವೇದಗಳನ್ನು ಪಠಿಸುವಳು. ತನ್ನನ್ನು ಬಿಡಿಸಬಲ್ಲ ಮಂತ್ರವಾದಿ ಯಾರಿದ್ದಾನೆಂದು ಸವಾಲು ಹಾಕುವಳು. ಶಿಷ್ಯೆಯ ಈ ಸ್ಥಿತಿಯನ್ನು ಕಂಡು ಆಚಾರ್ಯರು ಕಳವಳಗೊಂಡರು. ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ.

ಇದು ಸಣ್ಣ ಸಂಕಟವಲ್ಲ. ಮುನಿಯು ವಿದ್ಯೆ, ಮಂತ್ರಗಳನ್ನು ತೋರಿಸಿ ಆಹಾರವನ್ನು ಪಡೆಯುವುದನ್ನು ಮೂಲಾಚಾರವು ದೋಷವೆಂದು ಎಣಿಸುತ್ತದೆ. ಮುಂದಿನ ಭೋಗಕ್ಕಾಗಿ ಹಂಬಲಿಸುವ ನಿದಾನವನ್ನು ತತ್ತ್ವಾರ್ಥಸೂತ್ರವು ಆರ್ತಧ್ಯಾನದಲ್ಲಿ ಸೇರಿಸಿದೆ. ಸಕಲವನ್ನೂ ತ್ಯಜಿಸಿದವನು ಶಕ್ತಿಗಾಗಿ ದೇವತೆಯನ್ನು ಕರೆದರೆ ತ್ಯಾಗ ಉಳಿಯುವುದೇ? ಕರೆಯದಿದ್ದರೆ ಆಶ್ರಯಿಸಿದ ಜೀವಕ್ಕೆ ಗತಿ ಯಾರು?

ಆಚಾರ್ಯರು ಊರ ಬಳಿಯ ನೀಲಗಿರಿ ಎಂಬ ಬೆಟ್ಟದ ಶಿಖರವನ್ನೇರಿ ಸಾಧನೆಗೆ ಕುಳಿತರು. ಮಂತ್ರಸಾಧನೆಯೆಂದರೆ ಬರಿಯ ನಾಲಿಗೆಯ ಜಪವಲ್ಲ. ದೇವತೆಯ ರೂಪವನ್ನು ಅವಯವಶಃ ಚಿತ್ತದಲ್ಲಿ ನಿಲ್ಲಿಸಬೇಕು. ಬಿಳಿನೈದಿಲೆಯಂತೆ ಧವಳವಾದ ಮೈ, ಎಂಟು ಭುಜ, ಕೋಣನ ವಾಹನ, ಸುತ್ತಲೂ ಜ್ವಾಲೆ, ಇದು ಜ್ವಾಲಾಮಾಲಿನಿಯ ರೂಪ. ಒಂದು ಅವಯವವನ್ನು ನಿಲ್ಲಿಸುವಷ್ಟರಲ್ಲಿ ಇನ್ನೊಂದು ಜಾರಿಹೋಗುವುದು ಚಂಚಲ ಮನಸ್ಸಿನ ಸ್ವಭಾವ. ಅದನ್ನು ಮರಳಿ ಮರಳಿ ತಂದು ನಿಲ್ಲಿಸುವುದೇ ಅಭ್ಯಾಸ.

ಏಳನೆಯ ದಿನ ದೇವಿ ಪ್ರತ್ಯಕ್ಷಳಾಗಿ ಏನು ಬೇಕೆಂದು ಕೇಳಿದಳು. ಅರ್ಥಕಾಮಾದಿ ಲೌಕಿಕ ಫಲಗಳಿಗಾಗಿ ತಾವು ಕರೆಯಲಿಲ್ಲವೆಂದೂ ಕಮಲಶ್ರೀಯ ಗ್ರಹಬಾಧೆ ತೊಲಗಿದರೆ ಸಾಕೆಂದೂ ಆಚಾರ್ಯರು ಅರಿಕೆಮಾಡಿದರು. ದೇವಿ ಮಂತ್ರವನ್ನು ಲೋಹಪತ್ರದ ಮೇಲೆ ಬರೆದು ಕೊಟ್ಟಳು. ಅದರ ವಿಧಾನವನ್ನರಿಯದೆ ಅವರು ಮತ್ತೆ ಕೇಳಿದಾಗ ಎಲ್ಲವನ್ನೂ ಬಿಡಿಸಿ ಹೇಳಿದಳು. ತಿಳಿಯದುದನ್ನು ಕೇಳಲು ಗಣಾಧಿಪತಿಗಳು ನಾಚಲಿಲ್ಲ. ಬಳಿಕ ಅಗ್ನಿಬೀಜವಾದ ರಕಾರವು ಧಗಧಗಿಸುವಂತೆ ಧ್ಯಾನಿಸಿ ಗ್ರಹವನ್ನು ತೊಲಗಿಸಿದರು. ಕಮಲಶ್ರೀ ಸ್ವಸ್ಥಳಾದಳು.

ಹೇಲಾಚಾರ್ಯರು ಈ ವಿದ್ಯೆಯನ್ನು ಗ್ರಂಥವಾಗಿಸಿದರು. ಅದು ಶಿಷ್ಯ ಗಾಂಗಮುನಿಯೇ ಮೊದಲಾದವರ ಮೂಲಕ, ಕ್ಷಾಂತಿರಸಬ್ಬೆ ಎಂಬ ಆರ್ಯಿಕೆಯ ಮೂಲಕವೂ ಹರಿದುಬಂತು. ಆ ಗ್ರಂಥ ಕ್ಲಿಷ್ಟವೆನಿಸಿದ್ದರಿಂದ ಇಂದ್ರನಂದಿ ಮುನಿಗಳು ಅದನ್ನು ಸುಲಭಗೊಳಿಸಿ ‘ಜ್ವಾಲಿನೀಕಲ್ಪ’ವನ್ನು ರಚಿಸಿದರು. ಶಕವರ್ಷ 861, ಅಂದರೆ ಕ್ರಿ.ಶ. 939ರ ಅಕ್ಷಯತೃತೀಯೆಯಂದು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಅದು ಪೂರ್ಣಗೊಂಡಿತು.

ಮುಂದೆ ಶುಭಚಂದ್ರಾಚಾರ್ಯರು ‘ಜ್ಞಾನಾರ್ಣವ’ದಲ್ಲಿ ಪಿಂಡಸ್ಥ ಧ್ಯಾನವನ್ನು ವಿವರಿಸುವಾಗ ಆಗ್ನೇಯೀ ಧಾರಣೆಯನ್ನು ಹೇಳಿದ್ದಾರೆ. ಅಲ್ಲಿ ಸಾಧಕನು ನಾಭಿಕಮಲದ ನಡುವಿನ ಮಂತ್ರಾಕ್ಷರದ ರೇಫೆಯಿಂದ ಹೊಗೆ, ಕಿಡಿ, ಜ್ವಾಲೆಗಳು ಏಳುವುದನ್ನು ಭಾವಿಸುತ್ತಾನೆ. ಆ ಜ್ವಾಲೆ ಹೃದಯದಲ್ಲಿರುವ, ಎಂಟು ಕರ್ಮಗಳೇ ಎಸಳಾದ ಕಮಲವನ್ನು ಸುಡುತ್ತದೆ. ಅಕ್ಷರವೂ ಅದೇ, ಉರಿಯೂ ಅದೇ. ಒಂದು ಪರರ ಬಾಧೆಯನ್ನು ಸುಟ್ಟಿತು, ಇನ್ನೊಂದು ತನ್ನ ಕರ್ಮವನ್ನು ಸುಡುತ್ತದೆ. ಇಂತಹ ಧ್ಯಾನಶಕ್ತಿಯನ್ನು ಕ್ಷುದ್ರಕಾರ್ಯಗಳಿಗೆ ಬಳಸುವವರನ್ನು ಶುಭಚಂದ್ರರು ಎಚ್ಚರಿಸಿದ್ದಾರೆ.

ಯಕ್ಷಿಯೂ ಸಂಸಾರದಲ್ಲಿರುವ ಜೀವವೇ, ಮೋಕ್ಷವನ್ನು ಆಕೆ ಕೊಡಲಾರಳು. ಜಿನೇಂದ್ರನು ತೋರಿದ ರತ್ನತ್ರಯದ ದಾರಿಯಲ್ಲಿ ಪ್ರತಿಯೊಬ್ಬನೂ ತಾನೇ ನಡೆಯಬೇಕು. ಸಿಂಹನಗದ್ದೆಗೆ ಇಂದು ಬರುವ ಭಕ್ತರಲ್ಲಿ ರೋಗ, ಸಾಲ, ಸಂತಾನದ ಚಿಂತೆ ಹೊತ್ತವರಿದ್ದಾರೆ. ಅವರ ನೋವು ಸುಳ್ಳಲ್ಲ, ಬೇಡುವುದೂ ತಪ್ಪೆನ್ನಲಾಗದು. ಆದರೆ ದೇವಿಯ ಮುಂದೆ ಕೈಮುಗಿಯುವಾಗ, ಏಳು ದಿನ ಸಾಧಿಸಿದ ಫಲವೆಲ್ಲವನ್ನೂ ಶಿಷ್ಯೆಯ ನೆಮ್ಮದಿಗೆ ಒಪ್ಪಿಸಿ ಬರಿಗೈಯಲ್ಲಿ ಬೆಟ್ಟವಿಳಿದ ಆಚಾರ್ಯರನ್ನು ಒಮ್ಮೆ ನೆನೆಯುವುದು ಒಳಿತು.